ಸ್ವಲ್ಪ ಇದೆ

ತಣ್ಣಗೆ, ಎಡಹುಬ್ಬಿನ ಮೇಲಿಂದ ಬಲಹುಬ್ಬಿನ ಕಡೆಗೆ, ಮತ್ತೆ ಬಲದಿಂದ ಎಡಕ್ಕೆ, ಮಜ್ಜಿಗೆಯ ಧಾರೆ ಹೋಗಿ ಬರುತ್ತಿದೆ, ಮೊದಲು ನೆಲ್ಲಿಕಾಯಿಯ ಒಗರು ವಾಸನೆ, ಅದರಡಿಗೆ ಹುಳಿ, ಹುಳಿಯಡಿಗೆ ಇನ್ನೂ ಏನೋ ಒಂದು, ಮಜ್ಜಿಗೆ ಹಾಲಾಗಿದ್ದಾಗಿನದು, ಹಾಲಿಗೂ ಮೊದಲಿನದು — ತಲೆ ಅಲುಗಿಸಬೇಡಿ ಚೇಚಿ, ಕಣ್ಣಿಗಿಳಿಯುತ್ತೆ, ಎಂದಳು ಆಯುರ್ವೇದ ಆಸ್ಪತ್ರೆಯ ಲಿಸ್ಸಿ, ಬಂದವರನ್ನೆಲ್ಲ ಚೇಚಿ, ಅಕ್ಕ, ಎನ್ನುವವಳು, ಧಾರೆಯ ಪಾತ್ರೆಯನ್ನು ತೊಟ್ಟಿಲು ತೂಗಿದಂತೆ ತೂಗುತ್ತ. ಪ್ರಸೀದ ತಲೆಯನ್ನು ನೆಟ್ಟಗಿಟ್ಟಳು. ಕಣ್ಣ ಮೇಲೆ ಹತ್ತಿ, ಹಣೆಗೆ ಸುತ್ತಿದ ಬಟ್ಟೆ, ಬೆನ್ನಡಿಗೆ ಎಷ್ಟೋ ಜನರ ಎಣ್ಣೆ ಕುಡಿದು ಕಪ್ಪಾದ ಮರದ ಹಲಗೆ, ದೋಣಿಯ ಹಾಗೆ ಅಂಚು ಕಟ್ಟಿದ್ದು, ಅದರಲ್ಲಿ ಮಲಗಿದರೆ ಯಾರೋ ಎಲ್ಲಿಗೋ ದಾಟಿಸುತ್ತಾರೆ, ನಾವು ಹುಟ್ಟು ಹಾಕಬೇಕಿಲ್ಲ, ಅದೇ ಸುಖ, ಅದೇ ತಪ್ಪಾಯಿತು. ಬಾಗಿಲಾಚೆ ಬೆಂಚಿನ ಮೇಲೆ ಅತ್ತೆ ಕೆಮ್ಮಿದರು. ಮೊದಲನೇ ಬಸ್ಸಿಗೆ ಬಂದಿದ್ದಾರೆ ಕಾರ್ತ್ಯಾಯನಿಯಮ್ಮ, ಸೊಸೆಯನ್ನು ಮೋಳೆ, ಮಗಳೇ, ಎಂದೇ ಕರೆಯುವವರು, ಕೀಲು ಸವೆದ ಮಂಡಿಗಳನ್ನು ಎಳೆದುಕೊಂಡು, ಧಾರೆಗೆ ಕರೆಯುವ ಮುಂಚೆ ವರಾಂಡದಲ್ಲೇ ಹೇಳಿಬಿಟ್ಟರು, ಬಸ್ಸಿನ ಟಿಕೆಟ್ಟು ಇನ್ನೂ ಬೆರಳಿಗೆ ಸುತ್ತಿಕೊಂಡೇ ಇತ್ತು — ಪೂವಾಲೀನ ಕೊಟ್ಟುಬಿಟ್ಟೆ ಮೋಳೆ. ನಿನ್ನೆ ದಲ್ಲಾಳಿ ಬಂದು ಪಿಕಪ್ಪಿಗೆ ಹತ್ತಿಸ್ಕೊಂಡು ಹೋದ. ಇನ್ನು ನೀನು ನೆಮ್ಮದಿಯಾಗಿ ಮನೆಗೆ ಬರಬಹುದು. ಹಾಗೆಂದು ನಕ್ಕರು, ಹಲ್ಲಿಲ್ಲದ ಕಡೆ ಸೆರಗು ಅಡ್ಡ ಹಿಡಿದು.

ಪೂವಾಲಿ, ಬಾಲದ ತುದಿ ಬೆಳ್ಳಗೆ ಹೂವಿನ ಹಾಗೆ, ಅದಕ್ಕೇ ಆ ಹೆಸರು, ಕರುವಾಗಿದ್ದಾಗ ಅತ್ತೆಯೇ ಇಟ್ಟದ್ದು, ಅತ್ತೆಯ ಜೊತೆ ಅವರಷ್ಟೇ ನಿಧಾನಕ್ಕೆ ಮುದಿಯಾದವಳು, ಒಂದೇ ಮನೆಯಲ್ಲಿದ್ದೂ ಇಷ್ಟು ವರ್ಷ ಪ್ರಸೀದ ಅವಳ ಮುಖ ಸರಿಯಾಗಿ ನೋಡಿದವಳಲ್ಲ, ಅಡುಗೆಮನೆಯ ಸರಳಿನ ಸಂದಿಯಿಂದ ಬೆನ್ನು ಕಂಡಿದ್ದಾಳೆ, ಬಾಲ ಕಂಡಿದ್ದಾಳೆ, ಕೊರಳ ಗಂಟೆ ಅಲ್ಲಾಡಿದರೆ ಸಾಕು ಎದೆಯೊಳಗೆ ಒನಕೆ ಬೀಳುತ್ತಿತ್ತು, ಕೈ ತಣ್ಣಗಾಗಿ ಪಾತ್ರೆ ಜಾರುತ್ತಿತ್ತು, ರಾತ್ರಿಯೆಲ್ಲ ನಿದ್ದೆಯಿಲ್ಲ. ತವರಿನ ಗದ್ದೆಯ ಬದುವಿನಲ್ಲಿ ಚಿಕ್ಕವಳು ಹಗ್ಗವನ್ನು ಮುಂಗೈಗೆ ಬಳೆಯ ಹಾಗೆ ಸುತ್ತಿಕೊಂಡು ಹಸು ಮೇಯಿಸಿದ್ದು, ಯಾರೋ ಪಟಾಕಿ ಹೊಡೆದದ್ದು, ಹಸು ಓಡಿದ್ದು, ಹಗ್ಗ ಬಿಚ್ಚಿಕೊಳ್ಳದೆ ಅವಳೂ ಅದರ ಹಿಂದೆ ಕೆಸರು, ಕಲ್ಲು, ಮುಳ್ಳು ಎನ್ನದೆ ಮಲಗಿಕೊಂಡೇ ಓಡಿದ್ದು, ಗುರುತು ಈಗಲೂ ಇದೆ, ಬಳೆ ತೊಟ್ಟರೆ ಅದರಡಿ ಮುಚ್ಚಿಹೋಗುತ್ತದೆ. ಮದುವೆಯಾಗಿ ಬಂದ ಮನೆಯ ಅಂಗಳದಲ್ಲೂ ಹಸು. ಸೊಸೆ ಹಸು ಕಂಡರೆ ಹೆದರ್ತಾಳಂತೆ ಎಂದು ನೆರೆಯವರು ನಕ್ಕಾಗ, ನಿನ್ನ ಸೊಸೆ ನಿನಗೇ ಹೆದರಲ್ಲ, ನನ್ನವಳು ಹಸುವಿಗಾದ್ರೂ ಹೆದರಲಿ ಬಿಡು ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದ್ದರು. ಒಂದು ದಿನವೂ ಕೊಟ್ಟಿಗೆಗೆ ಹೋಗು ಅನ್ನಲಿಲ್ಲ. ತೌಡು ಕಲಸುವವರು ಅವರೇ, ಸೆಗಣಿ ಬಾಚುವವರು ಅವರೇ, ಕಲಗಚ್ಚಿನ ಬಕೀಟು ಹೊತ್ತು ಸೊಂಟ ಒಂದು ಕಡೆಗೆ ವಾಲಿಹೋಯಿತು. ಈ ವರ್ಷ ಮಂಡಿಯೇ ಮಡಚಲಿಲ್ಲ. ಅವಳ ಗಂಡ ಸುಧಾಕರನ್ ಬೆಳಕು ಹರಿಯುವ ಮುಂಚೆ ಬಸ್ ಡಿಪೋಗೆ ಹೋಗುವ ಗಂಡಸು, ಅವನಿಗೆ ಹಸುವಿನ ತಲೆ ಯಾವುದು ಬಾಲ ಯಾವುದು ಅನ್ನುವುದೂ ಟೈಮ್‌ಟೇಬಲ್ ನೋಡಿಯೇ ಗೊತ್ತಾಗಬೇಕು, ಎಂದು ಅತ್ತೆಯೇ ಹಂಗಿಸುತ್ತಿದ್ದರು. ಆಗ ಹೇಳಿದ್ದು — ಕರ್ಕಾಟಕ ಮಾಸ ಬರ್ತಾ ಇದೆ ಮೋಳೆ, ಮೈಗೆ ಔಷಧಿ ಹಿಡಿಯೋ ಕಾಲ, ನೀನು ಹೋಗಿ ಚಿಕಿತ್ಸೆ ಮಾಡಿಸ್ಕೊ. ಭಯ ಹೋದ್ರೆ ಪೂವಾಲಿ ನಿನ್ನ ಕೈಗೆ. ಹೋಗದಿದ್ರೆ ಕೊಡೋಣ, ಏನು ಮಾಡೋದು, ನಿನಗಿಂತ ಅವಳು ಹೆಚ್ಚೇ. ಹೆಚ್ಚೇ ಎಂದು ಹೇಳುವಾಗ ಮುಖವನ್ನು ಕೊಟ್ಟಿಗೆಯ ಕಡೆ ತಿರುಗಿಸಿಕೊಂಡಿದ್ದರು, ಹೆಚ್ಚೋ ಅಲ್ಲವೋ ಕಾಣಲಿಲ್ಲ.

ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ. ಮೊದಲ ದಿನ ಲಿಸ್ಸಿ ಚಿಕ್ಕ ಬಟ್ಟಲಿನಲ್ಲಿ ಹಸಿರು ತುಪ್ಪ ತಂದಿಟ್ಟಳು, ಬಾಯಿಗೆ ಹಾಕಿದರೆ ಕೊಟ್ಟಿಗೆಯೇ ಬಾಯೊಳಗೆ ಬಂದು ನಿಂತ ಹಾಗಾಯಿತು, ಇದೇನು ಎಂದರೆ ಪಂಚಗವ್ಯದ ತುಪ್ಪ ಚೇಚಿ, ಹಾಲು, ಮೊಸರು, ತುಪ್ಪ, ಇನ್ನೆರಡು ಹೇಳಲ್ಲ ಎಂದು ಬಾಯಿ ಮುಚ್ಚಿ ನಕ್ಕಳು. ಹಸುವಿಗೆ ಹೆದರೋಳಿಗೆ ಹಸುವನ್ನೇ ಕುಡಿಸ್ತೀರಲ್ಲ. ಹೊರಗಿರೋ ಹಸು ದೊಡ್ಡದು ಚೇಚಿ, ಒಳಗೆ ಹೋದ್ರೆ ಬಟ್ಟಲಿನಷ್ಟೇ ಆಗುತ್ತೆ. ಶ್ರೀಲತ ಡಾಕ್ಟರ್ ನಗಲಿಲ್ಲ, ನಾಡಿ ಹಿಡಿದು ಕೂತಿದ್ದರು, ಗಾಳಿ ಕೆರಳಿ ಎದೆಯಲ್ಲಿ ಕೂತಿದೆ ಪ್ರಸೀದ, ಅದಕ್ಕೆ ಎಣ್ಣೆ ಬೇಕು, ತಂಪು ಬೇಕು, ಹೊತ್ತಿಗೆ ಊಟ ಬೇಕು, ಎಲ್ಲಕ್ಕಿಂತ ಯಾರೂ ಕರೆಯದೆ ಇರೋದು ಬೇಕು. ಯಾರೂ ಕರೆಯದೆ ಇರುವುದು. ಹುಟ್ಟಿದಾಗಿನಿಂದ ಅಂಥ ಒಂದು ದಿನ ಬಂದಿರಲಿಲ್ಲ. ಹೆಸರುಕಾಳಿನ ಗಂಜಿ ಬಾಗಿಲಿಗೆ ಬರುತ್ತದೆ, ಉಂಡ ತಟ್ಟೆ ತಾನೇ ಹೋಗುತ್ತದೆ, ಒಲೆಯಿಲ್ಲ, ಅಲಾರಂ ಇಲ್ಲ, ಮೈಗೆ ಎಣ್ಣೆ ತಿಕ್ಕುವವರು ನಾಲ್ಕು ಕೈಯಲ್ಲಿ ತಿಕ್ಕುತ್ತಾರೆ, ಕಿಟಕಿಯಾಚೆ ನಿಳಾ ನದಿ ಮರಳಿನ ನಡುವೆ ಒಂದು ಎಳೆಯಷ್ಟೇ ಇದ್ದದ್ದು ದಿನಕ್ಕೊಂದಿಷ್ಟು ಅಗಲವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಎಷ್ಟು ದಿನ ಚಿಕಿತ್ಸೆಯೋ ಅಷ್ಟು ದಿನ ಸುಮ್ಮನೆ ಕೂರಬೇಕು ಚೇಚಿ, ಅದಕ್ಕೆ ನಲ್ಲಿರಿಕ್ಕ ಅಂತಾರೆ, ಎಂದಳು ಲಿಸ್ಸಿ, ಒಳ್ಳೆಯ ಇರವು. ಇರುವುದರಲ್ಲೂ ಒಳ್ಳೆಯದು ಕೆಟ್ಟದ್ದು ಉಂಟು ಎಂದು ಆಗಲೇ ಅವಳಿಗೆ ಗೊತ್ತಾದದ್ದು. ಆ ಮಾತನ್ನು ನಾಲಗೆಯ ಕೆಳಗೆ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡಳು. ನಾಲಗೆ — ಬೇಡ.

ಆ ನೆನಪು ಬಂದೇ ಬರುತ್ತದೆ. ಆಸ್ಪತ್ರೆಯ ಹಿಂದೆ ಕೊಟ್ಟಿಗೆ, ಔಷಧಿಯ ಹಾಲಿಗೆಂದು ಕಟ್ಟಿದ ಹಸುಗಳು. ಡಾಕ್ಟರು ಮೊದಲು ದೂರದ ಬೆಂಚಿನಲ್ಲಿ ಕೂರಿಸಿದರು, ಬರೀ ನೋಡಿ, ನೋಡೋಕಾಗದಿದ್ರೆ ಕೇಳಿ, ಕೇಳೋಕಾಗದಿದ್ರೆ ಎದ್ದು ಬನ್ನಿ, ಯಾರೂ ಬೈಯಲ್ಲ. ಬೆಂಚು ಮರದಡಿಗೆ ಬಂತು, ಮರದಡಿಯಿಂದ ಬಾವಿಕಟ್ಟೆಗೆ ಬಂತು, ಬೆವರಿದಳು, ಎದ್ದು ಓಡಿದಳು, ಮತ್ತೆ ಬಂದಳು. ಒಂದು ಬೆಳಿಗ್ಗೆ ಲಿಸ್ಸಿ ಇನ್ನೂ ಬಂದಿರಲಿಲ್ಲ, ಯಾರೂ ಇರಲಿಲ್ಲ, ಕಪ್ಪು ಹಸುವೊಂದು ಬೇಲಿಯ ಮೇಲಿಂದ ಕತ್ತು ಚಾಚಿ ಅವಳನ್ನೇ ನೋಡುತ್ತಿತ್ತು, ಅಂಗೈಯಲ್ಲಿ ಉಪ್ಪಿತ್ತು, ಬೇಯಿಸಿದ ಗೆಣಸಿಗೆಂದು ಅಡುಗೆಯವರ ಕಣ್ಣು ತಪ್ಪಿಸಿ ತಂದದ್ದು, ಪಥ್ಯದಲ್ಲಿ ಕೊಡುವುದಿಲ್ಲ, ಕದ್ದದ್ದೇ ಅನ್ನಿ, ಕೈ ತಾನಾಗಿ ಮುಂದೆ ಹೋಯಿತು, ಅವಳು ಅದನ್ನು ಬೇರೆ ಯಾರದೋ ಕೈಯ ಹಾಗೆ ನೋಡಿದಳು. ಒರಟು ನಾಲಗೆ, ಬಿಸಿಲಿಗೆ ಕಾದ ಅರೆಯುವ ಕಲ್ಲಿನ ಹಾಗೆ, ಅಂಗೈಯ ಬುಡದಿಂದ ಬೆರಳ ತುದಿಯವರೆಗೆ ಒಂದು ಸಲ, ಮತ್ತೊಂದು ಸಲ. ಎದೆಯಲ್ಲಿ ಒನಕೆ ಬೀಳಲಿಲ್ಲ. ಬೀಳುತ್ತದೆ ಎಂದು ಕಾದಳು, ಬೀಳಲಿಲ್ಲ. ಕೋಣೆಗೆ ಬಂದು ಕೈ ಮೂಸಿ ನೋಡಿದಳು, ಅತ್ತೆಯ ಸೆರಗಿನ ವಾಸನೆ. ಅಂದೇ ಅತ್ತೆಗೆ ಫೋನು ಮಾಡಿದ್ದರೆ ಆಗುತ್ತಿತ್ತು, ಅಮ್ಮ, ಹೋಯಿತು ಎಂದು ಎರಡು ಮಾತು, ಉಪ್ಪು ಹಿಡಿದ ಕೈಗೆ ಫೋನು ಹಿಡಿಯಲು ಏನಾಗಿತ್ತು. ಡಾಕ್ಟರು ಬಂದರು. ಭಯ ಹೇಗಿದೆ ಪ್ರಸೀದ. ಹೋಯಿತು ಎಂದರೆ ಚೀಟಿ ಬರೆದು ಮನೆಗೆ ಕಳಿಸುತ್ತಾರೆ, ಮನೆಯಲ್ಲಿ ಬಕೀಟು, ತೌಡು, ಸೆಗಣಿ, ಒಲೆ, ಡಿಪೋಗೆ ಕಟ್ಟುವ ಬುತ್ತಿ. ಬಾಯಿ ತೆರೆದಳು. ಸ್ವಲ್ಪ ಇದೆ ಡಾಕ್ಟರ್, ಎಂದಳು. ಸ್ವಲ್ಪ ಎನ್ನುವ ಮಾತು ಸುಳ್ಳಿನ ಹಾಗೆ ಕೇಳಿಸುವುದಿಲ್ಲ, ಸಂಕೋಚದ ಹಾಗೆ ಕೇಳಿಸುತ್ತದೆ.

ಮರುದಿನವೂ ಸ್ವಲ್ಪ ಇದೆ. ಅದರ ಮರುದಿನವೂ. ಬೇಲಿಯ ಹತ್ತಿರ ಲಿಸ್ಸಿ ಕೈ ಹಿಡಿದು ಕರೆದುಕೊಂಡು ಹೋದಾಗ ಕಾಲು ತೊಡರಿದ ಹಾಗೆ ಮಾಡಿದಳು, ಎಷ್ಟು ಚೆನ್ನಾಗಿ ಮಾಡಿದಳೆಂದರೆ ಪಾಪ ಅವಳು ಬೆನ್ನು ಸವರಿದಳು, ಕಪ್ಪು ಹಸು ಮಾತ್ರ ಗುರುತು ಹಿಡಿದು ಕತ್ತು ಚಾಚಿತು, ಮೂಕಪ್ರಾಣಿ, ಚಾಡಿ ಹೇಳಲು ಬಾಯಿಲ್ಲ. ಹಾಗಾದರೆ ಧಾರೆ ಇನ್ನೊಂದು ಸುತ್ತು ಹಾಕೋಣ, ಎಂದರು ಡಾಕ್ಟರು. ಸುಧಾಕರನ್ ಫೋನಿನಲ್ಲಿ ನಿಟ್ಟುಸಿರಿಟ್ಟ — ಇನ್ನೂ ಇದೆಯಂತಾ, ಅಮ್ಮ ಕೇಳ್ತಾ ಇದ್ರು. ಸ್ವಲ್ಪ ಇದೆ. ಸರಿ, ಅಮ್ಮನಿಗೆ ಹೇಳ್ತೀನಿ. ಅವನು ಹೇಳಿದ. ಹೇಳುವವನು ಹೇಳಿದ, ಕೇಳುವವರು ಕೇಳಿದರು, ಇಷ್ಟು ದಿನದಲ್ಲಿ ಹೋಗದ್ದು ಇನ್ನೆಲ್ಲಿ ಹೋಗುತ್ತೆ ಎಂದುಕೊಂಡರು, ದಲ್ಲಾಳಿಗೆ ಹೇಳಿಕಳಿಸಿದರು. ಸೊಸೆ ಬರುವಷ್ಟರಲ್ಲಿ ಕೊಟ್ಟಿಗೆ ಖಾಲಿಯಿರಲಿ ಎಂದು ತಾವೇ ಗೂಟ ಕಿತ್ತು, ಗಂಟೆ ಬಿಚ್ಚಿ, ನೆಲ ಸಾರಿಸಿ ಬಂದಿದ್ದಾರೆ. ಅವಳು ಇಲ್ಲಿ ಹಲಗೆಯ ಮೇಲೆ ಒಳ್ಳೆಯ ಇರವು ಇರುತ್ತಿದ್ದಳು. ಹಾಲು ಬತ್ತಿದ ಮುದಿ ಹಸುವನ್ನು ದಲ್ಲಾಳಿ ಎಲ್ಲಿಗೆ ಒಯ್ಯುತ್ತಾನೆ, ಎಳೆ ಮಗುವಿಗೂ ಗೊತ್ತು. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ ಮೋಳೆ, ಎಂದರು ಅತ್ತೆ ವರಾಂಡದಲ್ಲಿ, ಕೇಳಿದ್ರೆ ಅವನು ಹೇಳಿಬಿಡ್ತಿದ್ದ. ಈಗಲೂ ತಡೆಯಬಹುದಲ್ಲ ಅಮ್ಮ, ದಲ್ಲಾಳಿಗೆ ಫೋನು ಮಾಡಿಸಿ, ಎಂದು ಪ್ರಸೀದ ಅಂದೇ ಅಂದಳು, ಅಷ್ಟನ್ನಾದರೂ ಅಂದಳು. ಸುಧಾಕರನ್ ಬೆಳಿಗ್ಗೆಯೇ ಫೋನು ಮಾಡಿ ಕೇಳಿದ, ಎಂದರು ಅತ್ತೆ, ಅವನಿಗೂ ನಿನ್ನ ಹಾಗೇ ಅನ್ನಿಸ್ತು, ರಾತ್ರಿಯೇ ಕೈ ಬದಲಾಗಿ ಗಡಿ ದಾಟಿತಂತೆ. ಬಿಡು. ಅವಳೇನೂ ಕೊಸರಾಡಲಿಲ್ಲ. ಪಿಕಪ್ಪಿನ ಹಲಗೆ ಹತ್ತಿಸುವಾಗ ಒಂದು ಸಲ ನಿಂತಳು, ನನ್ನ ಕೈ ಹುಡುಕಿ ನೆಕ್ಕಿದಳು, ಕೈಯಲ್ಲಿ ಏನೂ ಇರಲಿಲ್ಲ ಮೋಳೆ, ಒಂದು ಬಾಳೆಸಿಪ್ಪೆ ತರೋಕೂ ನನಗೆ ಹೊಳೀಲಿಲ್ಲ, ಬರೀ ಕೈ ನೆಕ್ಕಿದಳು. ಅಷ್ಟರಲ್ಲಿ ಲಿಸ್ಸಿ ಬಂದು, ಧಾರೆಗೆ ಹೊತ್ತಾಯ್ತು ಚೇಚಿ ಎಂದಳು, ಇವಳು ಎದ್ದು ಬಂದು ಮಲಗಿದಳು, ಮಲಗಿಯೂ ಬಿಟ್ಟಳು, ಮಲಗದೆ ಇರುವ ಮೈಯಾದರೂ ಬೇಡವೇ ಮನುಷ್ಯಳಿಗೆ.

ಧಾರೆ ಸಣ್ಣದಾಯಿತು. ಎಳೆಯಾಯಿತು. ಹನಿಯಾಯಿತು. ಮುಗೀತು ಚೇಚಿ, ಎಂದು ಲಿಸ್ಸಿ ಹಣೆ ಒರೆಸಿ ಹತ್ತಿ ತೆಗೆದಳು, ಬೆಳಕು ಹಾಲಿನ ಹಾಗೆ ಕಣ್ಣಿಗೆ ಬಂತು, ಅದರೊಳಗೆ ಡಾಕ್ಟರು, ಡಾಕ್ಟರ ಹಿಂದೆ ಬಾಗಿಲ ಚೌಕಟ್ಟು ಹಿಡಿದು ಅತ್ತೆ. ಒಳಗೆ ಬನ್ನಿ ಅಮ್ಮ, ನೀವೂ ಕೇಳಿ, ಎಂದರು ಡಾಕ್ಟರು. ಇವತ್ತು ಹೇಗಿದೆ ಪ್ರಸೀದ. ಸ್ವಲ್ಪ ಇದೆ ಎಂದರೆ ಇನ್ನೊಂದು ಸುತ್ತು, ಇನ್ನೊಂದು ಸುಳ್ಳು, ಅತ್ತೆ ಖಾಲಿ ಕೊಟ್ಟಿಗೆಯ ಮುಂದೆ ಒಬ್ಬರೇ. ಇಲ್ಲ ಎಂದರೆ ಎಂದಿನಿಂದ ಇಲ್ಲ ಎಂದು ಕೇಳುತ್ತಾರೆ. ಕೇಳಲಿ, ಹೇಳಿಬಿಡುತ್ತೇನೆ, ಉಪ್ಪು ಕದ್ದದ್ದರಿಂದ ಹಿಡಿದು ಎಲ್ಲ ಹೇಳಿಬಿಡುತ್ತೇನೆ, ಅಮ್ಮ ಹೊಡೆಯಲಿ, ಹೊಡೆದರೆ ಒಳ್ಳೆಯದೇ. ಇಲ್ಲ ಡಾಕ್ಟರ್, ಎಂದಳು. ಭಯ ಇಲ್ಲ. ಹೋಗಿದೆ. ಎಂದಿನಿಂದ ಎಂದು ಯಾರೂ ಕೇಳಲಿಲ್ಲ. ಅತ್ತೆ ಚೌಕಟ್ಟು ಬಿಟ್ಟು, ಮಂಡಿಯನ್ನು ಮರೆತು, ಮೂರು ಹೆಜ್ಜೆಗೆ ಹಲಗೆಯ ಹತ್ತಿರ ಬಂದರು. ಕಂಡಿರಾ ಡಾಕ್ಟರೇ, ಎಂದರು, ಅವರ ದನಿ ಮದುವೆಮನೆಯ ದನಿಯಾಗಿತ್ತು, ಅವಳು ಹೋಗುವಾಗ ಇವಳ ಭಯಾನೂ ಹೊತ್ಕೊಂಡೇ ಹೋದಳು. ನಿನ್ನೆ ಕೊಟ್ಟೆ, ಇವತ್ತು ಹೋಯ್ತು. ಕೊಟ್ಟಿದ್ದು ಸುಮ್ಮನೆ ಆಗ್ಲಿಲ್ಲ. ಬಸ್ಸಿನಲ್ಲಿ ಬರುವಾಗೆಲ್ಲ ಅದೇ ಯೋಚನೆ ಮೋಳೆ, ಸುಮ್ಮನೆ ಕೊಟ್ಟೆನೇನೋ, ಸುಮ್ಮನೆ ಕೊಟ್ಟೆನೇನೋ ಅಂತ. ಈಗ ನನಗೂ ನಿದ್ದೆ ಬರುತ್ತೆ. ಹಾಗೆಂದು ಅವಳ ಕೈ ತೆಗೆದುಕೊಂಡು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡರು, ಕೆನ್ನೆಗೆ ಒತ್ತಿಕೊಂಡರು, ಹಿಂದೆಂದೂ ಹಾಗೆ ಮಾಡಿದವರಲ್ಲ. ಹೇಳಬೇಕು. ಅಮ್ಮ, ಅದು ನಿನ್ನೆಯಲ್ಲ, ಅದಕ್ಕೂ ಎಷ್ಟೋ ಮುಂಚೆ, ಎನ್ನಬೇಕು, ಆ ಮುಖ ನೋಡಿ ಎನ್ನಬೇಕು, ಈಗಷ್ಟೇ ಹಗುರಾದ ಮುಖ, ಅದರ ಮೇಲೆ ಅದೇ ಭಾರ ಮತ್ತೆ ಎತ್ತಿ ಹೊರಿಸಬೇಕು, ಹೊರಿಸದಿದ್ದರೆ ಸುಳ್ಳು ತಾನಾಗಿ ಬೆಳೆದು ಮನೆಯಲ್ಲಿ ಓಡಾಡುತ್ತದೆ, ಊಟಕ್ಕೆ ಕೂರುತ್ತದೆ, ಹೇಳಬೇಕು, ಅಮ್ಮ — ಅಮ್ಮ ಅವಳ ಅಂಗೈ ಸವರುತ್ತಿದ್ದಾರೆ, ತೌಡು ಕಲಸಿ ಒಡೆದ ಬೆರಳು, ಬುಡದಿಂದ ತುದಿಯವರೆಗೆ ಒಂದು ಸಲ, ಮತ್ತೊಂದು ಸಲ, ಒರಟು, ಬೆಚ್ಚಗೆ, ಒಂದು ನಾಲಗೆ, ಹಲಗೆ ಹತ್ತುವ ಮುಂಚೆ ನಿಂತ ಒಂದು ನಾಲಗೆ, ಏನೂ ಇಲ್ಲದ ಕೈಯನ್ನು, ಏನೂ ಇಲ್ಲದ ಕೈಯನ್ನು ನೆಕ್ಕುತ್ತ