ಕಾಫಿ ಡಬ್ಬಿಯಲ್ಲಿ ಏಳು ಗಿಡ

ಡೆಲ್ಫಿನ್ ಸಿಡ್ಬರಿಗೆ ಬೆಳಗಿನಿಂದ ಕಾಡುತ್ತಿದ್ದುದು ಜೀಪಿನ ಬಾಗಿಲಿನ ಚಿಂತೆ. ಕಾಡಿನ ಕಾವಲು ಅಧಿಕಾರಿ ತಡೆದಾಗ ಗಾಬರಿಯಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟು, ಅವನ ಸರ್ಕಾರಿ ಜೀಪಿನ ಬಾಗಿಲನ್ನು ಒಳಕ್ಕೆ ನಗ್ಗಿಸಿಬಿಟ್ಟಿದ್ದಳು. ಗಿಡಗಳ ವಿಚಾರ ಅವಳ ತಲೆಯಲ್ಲೇ ಇರಲಿಲ್ಲ. ಕಾಫಿ ಡಬ್ಬಿಯಲ್ಲಿದ್ದವು ಏಳೇ ಗಿಡ, ನೊಣ ಹಿಡಿಯುವಂಥವು, ಒಂದೊಂದೂ ಅಂಗೈಯಲ್ಲಿ ಕೂರುವಷ್ಟು. ಅವಳ ಅಜ್ಜಿ, ಅಮ್ಮ ಇಬ್ಬರೂ ಪ್ರತಿ ಮೇ ತಿಂಗಳಲ್ಲಿ ಪೈನ್ ಕಾಡಿನ ಜೌಗಿನಿಂದ ಅವನ್ನು ಅಗೆದು ತಂದು ಮನೆಯವರ ಸಮಾಧಿಯ ಸುತ್ತ ನೆಡುತ್ತಿದ್ದರು. ಈ ವರ್ಷ ನೆಡಬೇಕಾಗಿದ್ದುದು ಅಮ್ಮನ ಸಮಾಧಿಗೆ. ಕಾಡು ಈಗ ಮರದ ಕಂಪನಿಯದೆಂಬ ಫಲಕವನ್ನು ಡೆಲ್ಫಿನ್ ಓದಿಯೇ ಒಳಗೆ ಹೋಗಿದ್ದಳು. ಅದು ಮರಗಳಿಗೆ ಸಂಬಂಧಿಸಿದ ಮಾತು ಎಂದುಕೊಂಡಿದ್ದಳು.

ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಪಕ್ಕಕ್ಕೆ ಕೂತ ವಕೀಲ ಮಾರ್ಕಸ್ ಬ್ಯಾಟ್ಸ್‌ನನ್ನು ಅವಳ ಪರ ವಾದಿಸಲು ಸರ್ಕಾರವೇ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಅವನು ಒಂಬತ್ತು ವರ್ಷ ಅವಳು ಓಡಿಸುವ ಶಾಲಾ ಬಸ್ಸಿನಲ್ಲೇ ಓಡಾಡಿದವನು.

ಅವನು ಹಳದಿ ಕಾಗದದ ನಡುವೆ ಒಂದು ಗೆರೆ ಎಳೆದ. "ಬಾಗಿಲು ಈ ಕಡೆ, ಮಿಸ್ ಡೆಲ್ಫಿನ್. ಮಿಸ್‌ಡಿಮೀನರ್, ಸಣ್ಣ ಅಪರಾಧ. ಗಿಡ ಆ ಕಡೆ. ಅದು ಫೆಲನಿ, ದೊಡ್ಡ ಅಪರಾಧ."

"ತಿರುಗುಮುರುಗಾಗಿ ಬರ್ದಿದೀಯ. ಸ್ಕೂಲಲ್ಲೂ ಹಿಂಗೇ ಮಾಡ್ತಿದ್ದೆ."

"ಸರಿಯಾಗೇ ಬರ್ದಿದೀನಿ."

"ಏಳೂ ಸೇರಿದ್ರೆ ಒಂದು ಟೊಮ್ಯಾಟೊ ತೂಕ ಬರಲ್ಲ ಕಣೋ."

ಮಾರ್ಕಸ್ ಮೆಲ್ಲಗೆ ಬಿಡಿಸಿ ಹೇಳುತ್ತ ಹೋದ. ಆ ಗಿಡ ತಾನಾಗಿ ಬೆಳೆಯುವುದು ಇಡೀ ಭೂಮಿಯಲ್ಲಿ ಇದೇ ಸೀಮೆಯಲ್ಲಿ. ಅದಕ್ಕೇ ಅದನ್ನು ಕದ್ದರೆ ತೂಕ, ಬೆಲೆ ಯಾವುದನ್ನೂ ಕಾನೂನು ಕೇಳುವುದಿಲ್ಲ. ಸಣ್ಣ ಅಪರಾಧಕ್ಕೆ ಹೆಚ್ಚೆಂದರೆ ಕೆಲವು ತಿಂಗಳು ಊರಿನ ಜೈಲು. ಫೆಲನಿಗೆ ವರ್ಷ ಮೀರಿದ ಸೆರೆಯೂ ಆಗಬಹುದು. ಆದರೆ ಎದುರು ಪಕ್ಷದ ಸರ್ಕಾರಿ ವಕೀಲರು ಒಂದು ದಾರಿ ಕೊಟ್ಟಿದ್ದರು: ಗಿಡದ ತಪ್ಪು ಒಪ್ಪಿಕೊಂಡರೆ ಬಾಗಿಲಿನ ಆರೋಪ ಬಿಡುತ್ತಾರೆ, ಜೈಲೂ ಇಲ್ಲ, ಹೊರಗಿದ್ದೇ ಹನ್ನೆರಡು ತಿಂಗಳು ಕೋರ್ಟಿನ ನಿಗಾ ಮಾತ್ರ. ಅದರ ಒಪ್ಪಿಗೆ ಪತ್ರವನ್ನು ಅವನು ಬೆಂಚಿನ ಮೇಲಿಟ್ಟ.

ಜೈಲಿಲ್ಲ ಎಂದದ್ದೇ ತಡ, ಡೆಲ್ಫಿನ್ ಅವನ ಪೆನ್ನಿಗೆ ಕೈಚಾಚಿದಳು. ಜೈಲಿಲ್ಲದ ಮೇಲೆ ಅದು ದೊಡ್ಡದು ಹೇಗಾದೀತು?

ಅವನು ಪೆನ್ನನ್ನು ಹಿಂದಕ್ಕೆಳೆದುಕೊಂಡ. "ಒಂದಿನಾನೂ ಒಳಗಿರದೆ ಇದ್ರೂ ಹೆಸರು ಫೆಲನಿನೇ. ಇದಕ್ಕೆ ಸಹಿ ಹಾಕಿದ್ರೆ ಮಕ್ಕಳ ಬಸ್ಸು ಇನ್ಯಾವತ್ತೂ ನಿಮ್ಮ ಕೈಗೆ ಸಿಗಲ್ಲ."

ಡೆಲ್ಫಿನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷ ಆ ಬಸ್ಸು ಓಡಿಸಿದ್ದಳು. ಯಾವ ತಿರುವಿನಲ್ಲಿ ಯಾವ ಮಗು ತಡವಾಗಿ ಓಡಿಬರುತ್ತದೆಂದು ಬಲ್ಲವಳು. ಕಾವಲು ಅಧಿಕಾರಿಗೆ ತಾನೇ ಡಬ್ಬಿಯ ಮುಚ್ಚಳ ತೆಗೆದು, ಎಷ್ಟು ಚೆನ್ನಾಗಿವೆ ನೋಡಿ ಎಂದು ತೋರಿಸಿದ್ದು ನೆನಪಾಯಿತು.

"ಸಹಿ ಹಾಕ್ದೆ ಇದ್ರೆ?"

"ಜ್ಯೂರಿ ಮುಂದೆ ಹೋಗ್ಬೇಕು. ಕದಿಯೋ ಉದ್ದೇಶ ಇರ್ಲಿಲ್ಲ ಅಂತ ವಾದಿಸ್ತೀನಿ. ಆದ್ರೆ ಫಲಕ ಓದಿದ್ದೆ ಅಂತ ಆ ಅಧಿಕಾರಿಗೆ ನೀವೇ ಹೇಳಿದೀರಿ. ಸೋತ್ರೆ ಜೈಲೂ ಆಗ್ಬಹುದು. ಮುಗಿಯೋವರೆಗೂ ಶಾಲೆಯವರು ಹೇಗೂ ಬಸ್ಸು ಕೊಡಲ್ಲ."

ಡೆಲ್ಫಿನ್ ಒಪ್ಪಿಗೆ ಪತ್ರವನ್ನು ಸಹಿಯಿಲ್ಲದೆ ಅವನತ್ತ ತಳ್ಳಿದಳು. ಕೈಚೀಲದಿಂದ ಬಸ್ಸಿನ ಕೀಲಿ ತೆಗೆದು ಅದರ ಮೇಲಿಟ್ಟಳು.

"ಇದನ್ನ ಶಾಲೆಗೆ ಕೊಟ್ಬಿಡು," ಎಂದಳು. "ವಾಪಸ್ ಇಸ್ಕೊಳ್ಳೋಕೆ ನಾನೇ ಬರ್ತೀನಿ ಅಂತ ಹೇಳು."