ನೀಮವ್ವನ ಉಡಿ

ನವನಗರದ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇರುವ ಹುಡುಗಿಯ ಹೆಸರು ನೀಮಾ. ಆಫ್ರಿಕಾದ ತಾಂಜಾನಿಯಾ ಎಂಬ ದೇಶದವಳು. ತೋಟಗಾರಿಕೆ ಓದಲು ಬಾಗಲಕೋಟೆಗೆ ಬಂದಿದ್ದಾಳೆ. ಬಂದ ಹೊಸದರಲ್ಲಿ ಅವಳ ಸಣ್ಣ ಸಣ್ಣ ಜಡೆಗಳನ್ನು ನೋಡಲಿಕ್ಕೆ ಓಣಿಯ ಹೆಂಗಸರೆಲ್ಲ ಏನಾದರೂ ನೆಪ ತೆಗೆದು ನಮ್ಮ ಮನೆಗೆ ಬರುತ್ತಿದ್ದರು. ಮೂರು ವರ್ಷ ಕಳೆಯುವುದರೊಳಗೆ ಅವಳು ಎಲ್ಲರ ಬಾಯಲ್ಲಿ ನೀಮವ್ವ ಆದಳು. "ಏನ್ರಿ ಯಕ್ಕಾ, ಹುಳುಕ ಬದ್ನಿಕಾಯಿ ನನಗ ಹಾಕ್ತೀರಲ್ಲ? ನಾ ಆ ಹುಳದ ಮ್ಯಾಲೇ ಓದಾಕ ಬಂದಾಕೀರಿ" ಎಂದು ಸಂತೆಯಲ್ಲಿ ಜಗಳ ತೆಗೆಯುವಷ್ಟು ನಮ್ಮವಳಾದಳು. ನಾನು ಅವಳಿಗೆ ಆಯಿ. ನಮ್ಮ ಯಜಮಾನರು ಬಾಬಣ್ಣ ಅವಳಿಗೆ ಮುತ್ಯಾ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವಳು ಕೆಳಗೆ ಬಂದು ಅಡಿಗೆಮನೆಯ ಹೊಸ್ತಿಲ ಹತ್ತಿರ ಸುಮ್ಮನೆ ಕುಳಿತಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಆಯಿ, ನಮ್ಮವ್ವ ಮುಂಬೈಗೆ ಬರಾಕತ್ತಾಳ್ರಿ."

"ಬರಲಿ ಬಿಡ. ಚಲೋ ಸುದ್ದಿ ಹೇಳೂ ಮುಂದ ಮಾರಿ ಯಾಕ ಸಣ್ಣ ಮಾಡಿ?"

ಅವಳ ಸೋದರಮಾವನಿಗೆ ಹೃದಯದ ತೊಂದರೆಯಂತೆ. ಪರೇಲಿನ ದೊಡ್ಡ ದವಾಖಾನೆಗೆ ತೋರಿಸಲು ತಾಯಿ ಅವನನ್ನು ಕರೆದುಕೊಂಡು ಬರುತ್ತಾಳೆ, ರವಿವಾರ ಸಂಜೆ ವಿಮಾನ ಹತ್ತಿ ತಿರುಗಿ ಹೋಗುತ್ತಾಳೆ. ಶನಿವಾರ, ರವಿವಾರ ಕಾಲೇಜಿಗೆ ರಜೆ. ನೀಮಾ ಹೋಗಿ ಭೆಟ್ಟಿಯಾಗಿ ಬರಬಹುದು. ತಾಯಿಯ ಮುಖ ನೋಡಿ ಮೂರು ವರ್ಷವಾಗಿತ್ತು. ಆದರೆ ವಿಷಯ ಅಷ್ಟೇ ಇರಲಿಲ್ಲ.

"ಅವ್ವ ನನಗೂ ಟಿಕೆಟ್ ತಗಿಸ್ಯಾಳ್ರಿ. ಕರಕೊಂಡ ಹೋಗ್ತಾಳಂತ. ಎರಡು ವಿಷಯದಾಗ ಫೇಲಾದೆ ಅಂತ ಹೇಳಿದ್ದೆ. ಫೋನಿನ್ಯಾಗ ಒಂದೆರಡ ಸರ್ತಿ ಅತ್ತಿದ್ದೆ. ಸಾಕು, ಇನ್ನ ಓದೂದು ಬ್ಯಾಡ ಅಂತಾಳ. ಒಂದ ವರ್ಷ ಉಳದೈತಿ ಆಯಿ. ನಾ ಬರಂಗಿಲ್ಲ ಅಂತ ಅವ್ವಗ ಹೆಂಗ ಹೇಳ್ಲಿರಿ?"

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಮಗಳು ತಾಯಿಗೆ ಬರುವುದಿಲ್ಲ ಎಂದು ಹೇಳುವ ಮಾತು ಯಾವ ದೇಶದಲ್ಲೂ ಹಗುರಾದದ್ದಲ್ಲ. ಅವಳು ಹೋದರೆ ಮೇಲಿನ ಖೋಲಿ ಖಾಲಿಯಾಗುತ್ತದೆ ಎಂಬುದೂ ನನ್ನ ಮನಸ್ಸಿಗೆ ಬಂತು. ಅದನ್ನು ನಾನು ಬಾಯಿಗೆ ತರಲಿಲ್ಲ.

ಒಬ್ಬಳೇ ಮುಂಬೈಗೆ ಹೋಗಲು ಅವಳಿಗೆ ಅಂಜಿಕೆ. ನಮ್ಮವರು ಪಡಸಾಲೆಯಿಂದಲೇ ಕೂಗಿದರು:

"ಚಂದ್ರವ್ವಾ, ನೀನ ಜೋಡಿ ಹೋಗ. ನಾ ಈ ಮಣಕಾಲ ತಗೊಂಡ ಗಾಡಿ ಹತ್ತಂಗಿಲ್ಲ. ಪರೇಲ ನಿನಗೇನ ಹೊಸಾದಲ್ಲ."

"ನಲವತ್ತ ವರ್ಷದ ಮ್ಯಾಲಾತು ಬಿಟ್ಟ ಬಂದು. ಹೊಸಾದಲ್ಲ ಅಂತಾರ!"

"ಪರೇಲ ಎಲ್ಲಿ ಓಡಿ ಹೋಗತೈತಿ? ನಮ್ಮ ಬಾಗಲಕೋಟಿ ಗತೆ ನೀರಾಗ ಮುಳಗೇತೇನ ಅದು?"

ನೀಮಾ ನಕ್ಕಳು. ಹಾಗಾಗಿ ನಾನು ಹೊರಟೆ.

ಇಳಕಲ್ಲಿನಿಂದ ಮದುವೆಯಾಗಿ ಬಂದ ವರ್ಷವೇ ನಾನು ಮುಂಬೈ ಕಂಡವಳು. ನಮ್ಮವರು ಅಲ್ಲಿ ಬಟ್ಟೆ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಪರೇಲಿನ ಚಾಳಿನಲ್ಲಿ ಒಂದೇ ಖೋಲಿ, ಉದ್ದಾನುದ್ದ ಪಡಸಾಲೆ, ಕೊನೆಗೆ ಎಲ್ಲರಿಗೂ ಒಂದೇ ನಳ. ಮಿಲ್ಲಿನ ಭೋಂಗಾ ಕೂಗಿದರೆ ಬೆಳಗಾಯಿತೆಂದು ಲೆಕ್ಕ. ನಾನು ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಮರಾಠಿ ಓದಲು ಕಲಿತದ್ದು ಅಲ್ಲಿನ ಬಸ್ಸುಗಳ ಹಣೆಬರಹ ನೋಡಿ ನೋಡಿ.

ಶುಕ್ರವಾರ ಸಂಜೆ ಮುಂಬೈ ಗಾಡಿ ಹತ್ತಿದೆವು. ನೀಮಾ ಒಂದು ಸಣ್ಣ ಚೀಲ ಮಾತ್ರ ತಂದಿದ್ದಳು. ವಿಜಯಪುರ ಬರುವ ಮೊದಲೇ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು.

"ಆಯಿ, ನೀವ ಹೇಳ್ರಿ ನಮ್ಮವ್ವಗ. ದೊಡ್ಡಾವ್ರು ಹೇಳಿದ್ರ ಕೇಳ್ತಾಳ."

"ನನ್ನ ಮಾತು ಆಕಿಗೆ ತಿಳಿಯಂಗಿಲ್ಲ, ಆಕಿ ಮಾತು ನನಗ ತಿಳಿಯಂಗಿಲ್ಲ. ನಾ ಹೇಳಿದ್ದನ್ನ ಮತ್ತ ನೀನ ಆಕಿಗೆ ಹೇಳಬೇಕು. ಅದರಕಿಂತ ನಿಂದು ನೀನ ಹೇಳಿಬಿಡು."

"ನೀವು ಭಾರಿ ಶಾಣ್ಯಾ ಅದೀರಿ."

"ತಾಯಿ ಮಗಳ ನಡುವ ನಾ ಬರಂಗಿಲ್ಲವ್ವಾ. ಜೋಡಿ ಬರ್ತೇನಿ, ಅಷ್ಟ."

ದವಾಖಾನೆಯ ಎದುರಿನ ಗಲ್ಲಿಯಲ್ಲಿ, ರೋಗಿಗಳ ಕಡೆಯವರು ಇಳಿದುಕೊಳ್ಳುವ ಒಂದು ಲಾಡ್ಜಿನಲ್ಲಿ ಅವಳ ತಾಯಿ ಇದ್ದಳು. ಹೆಸರು ರೆಹೆಮಾ. ಎತ್ತರದ ಹೆಂಗಸು. ಸೊಂಟಕ್ಕೆ ಹಳದಿ, ಕೆಂಪು ಬಣ್ಣದ ಅಗಲವಾದ ಬಟ್ಟೆ ಸುತ್ತಿದ್ದಳು, ಕಾಂಗಾ ಅನ್ನುತ್ತಾರೆ ಅದಕ್ಕೆ. ಮಗಳನ್ನು ಕಂಡವಳೇ ಮೊದಲು ತೋಳಿನ ಮೇಲೆ ಎರಡು ಏಟು ಹಾಕಿದಳು, ಆಮೇಲೆ ಅಪ್ಪಿಕೊಂಡಳು. ಏಟು ಯಾಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸೊರಗಿದ ಮಗಳಿಗೆ ನನ್ನವ್ವನೂ ಹಾಗೆಯೇ ಹೊಡೆಯುತ್ತಿದ್ದಳು.

ರೆಹೆಮಾ ನನ್ನ ಇಳಕಲ್ ಸೀರೆಯ ಸೆರಗು ಹಿಡಿದು ನೋಡಿದಳು. ನಾನು ಅವಳ ಕಾಂಗಾ ಮುಟ್ಟಿ ನೋಡಿದೆ. ನಮ್ಮವರ ಮಿಲ್ಲಿನ ಬಟ್ಟೆಯ ಗಂಟುಗಳೂ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗುತ್ತಿದ್ದವಂತೆ. ಅದನ್ನು ನೀಮಾಳ ಕೈಯಲ್ಲಿ ಹೇಳಿಸಿದೆ. ರೆಹೆಮಾ ಏನೋ ಅಂದಳು, ಮಂಚದ ಮೇಲೆ ಕಾಲು ಚಾಚಿದ್ದ ಅವಳ ಅಣ್ಣ ಗೊಳ್ಳೆಂದು ನಕ್ಕ.

"ಏನಂತಾಳ?"

"'ಹಂಗಾದ್ರ ನಮ್ಮಜ್ಜಿ ಬಟ್ಟಿ ಒಂದ ಒಗತಕ್ಕ ಬಣ್ಣ ಬಿಡತಿತ್ತಲ್ಲ, ಅದು ನಿಮ್ಮ ಯಜಮಾನ್ರ ಕೆಲಸೇನು' ಅಂತಾಳ್ರಿ."

ನಾನೂ ನಕ್ಕೆ. ಊರಿಗೆ ಹೋಗಿ ನಮ್ಮವರಿಗೆ ಹೇಳಲು ಒಂದು ಮಾತು ಸಿಕ್ಕಿತು.

ಸಂಜೆ ತಾಯಿ ಅಣ್ಣನಿಗೆ ಗುಳಿಗೆ ಕೊಡುತ್ತ ಕುಳಿತಾಗ, ನೀಮಾ ನನ್ನನ್ನು ನಮ್ಮ ಹಳೆಯ ಚಾಳಿನ ಕಡೆಗೆ ಕರೆದುಕೊಂಡು ಹೋದಳು. ದಾರಿ ನನ್ನ ಕಾಲಿಗೆ ನೆನಪಿತ್ತು. ಆದರೆ ಚಾಳು ಇರಲಿಲ್ಲ. ಮಿಲ್ಲೂ ಇರಲಿಲ್ಲ. ಅಲ್ಲಿ ಗಾಜಿನ ಒಂದು ಕಟ್ಟಡ ನಿಂತಿತ್ತು. ಅದರ ತುದಿ ನೋಡಲು ಹೋಗಿ ನನ್ನ ತಲೆಯ ಮೇಲಿನ ಸೆರಗು ಜಾರಿತು. ನಳ ಇದ್ದ ಜಾಗದಲ್ಲಿ ಕಾರುಗಳು ಒಳಗೆ ಹೋಗುವ ಬಾಗಿಲು.

ಹಳೆಯ ಬಾಗಲಕೋಟೆಯ ನಮ್ಮ ಮನೆಯ ಮೇಲೆ ಆಣೆಕಟ್ಟಿನ ಹಿನ್ನೀರು ನಿಂತಿದೆ. ಬೇಸಿಗೆಯಲ್ಲಿ ನೀರು ಸರಿದರೆ ದಂಡೆಗೆ ಹೋಗಿ ಇಲ್ಲೇ ಇತ್ತು ಎಂದು ಕೈ ಮಾಡಿ ತೋರಿಸಬಹುದು. ಇಲ್ಲಿ ಅದಕ್ಕೂ ತೆರವಿಲ್ಲ. ನನ್ನ ಮೊದಲನೆಯ ಕೂಸು ಈ ನೆಲದ ಮೇಲೆಯೇ ಅಂಬೆಗಾಲಿಟ್ಟದ್ದು.

"ಅವ್ವಗ ಹೇಳಿದೇನ?" ಎಂದು ಕೇಳಿದೆ.

"ಇಲ್ರಿ. ಬಾಯಿ ಬರವಲ್ದು. ಆಕಿ ನನಗ ಅಂತ ಹೊಸಾ ಚಪ್ಪಲಿ ತಂದಾಳ, ವಿಮಾನದಾಗ ಹಾಕ್ಕೋ ಅಂತ."

ರವಿವಾರ ಮಧ್ಯಾಹ್ನದ ಮೇಲೆ ಅವರ ಕಾರು ಬರುವುದಿತ್ತು. ಬೆಳಿಗ್ಗೆ ಮೂವರೂ ಹಣ್ಣು ಕೊಳ್ಳಲು ಗಲ್ಲಿಯ ತುದಿಗೆ ಹೋದೆವು. ಗಾಡಿಯಲ್ಲಿ ದಾಳಿಂಬೆ ಪೇರಿಸಿದ್ದರು. ನೀಮಾ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನನಗೆ, "ನೋಡ್ರಿ ಆಯಿ, ಈ ಎಣ್ಣಿ ಚುಕ್ಕಿ. ಇದ ರೋಗ ನೋಡ್ರಿ, ನಮ್ಮ ಕಡೆ ತ್ವಾಟಾ ಹಾಳ ಮಾಡಿದ್ದು" ಎಂದಳು.

ಹಣ್ಣಿನವನು ಹುಬ್ಬು ಮೇಲೇರಿಸಿದ. "ಯವ್ವಾ! ಈಕಿ ಕನ್ನಡ ಮಾತಾಡ್ತಾಳ! ಎಲ್ಲಿಯವರ್ರಿ ನೀವು?"

"ಬಾಗಲಕೋಟಿ" ಎಂದಳು ನೀಮಾ, ಚೂರೂ ತಡೆಯದೆ.

"ನಾ ತಾಳಿಕೋಟಿಯಾವ. ಯುನೂಸ ಅಂತ ನನ್ನ ಹೆಸರು. ಬಾಗಲಕೋಟ್ಯಾಗ ಇಂಥಾ ಮಂದಿ ಯಾವಾಗಿಂದ ಹುಟ್ಟಾಕತ್ತಾರ್ರಿ?"

"ಮೂರ ವರ್ಷಾತು. ಈ ಚುಕ್ಕಿ ಇದ್ದದ್ದೆಲ್ಲ ತಗದ ಹಾಕಿ ಚಲೋ ಹಣ್ಣ ಹಾಕ ಕಾಕಾ. ನಮ್ಮವ್ವ ವಿಮಾನದಾಗ ಒಯ್ತಾಳ."

ಯುನೂಸ ನಗುತ್ತ ಹಣ್ಣು ಬದಲಿಸಿದ. ನೀಮಾ ಒಂದೊಂದನ್ನೇ ಬಡಿದು, ತೂಗಿ, ಆರಿಸಿದಳು. ಯಾವುದು ಗಿಡದಲ್ಲೇ ಬಲಿತದ್ದು, ಯಾವುದನ್ನು ಎಳೆಯದಾಗಿದ್ದಾಗಲೇ ಹರಿದದ್ದು ಎಂದು ತಾಯಿಗೂ ಅವರ ಭಾಷೆಯಲ್ಲಿ ಹೇಳುತ್ತ ಹೋದಳು. ಎರಡು ದಿನದಲ್ಲಿ ಅವಳು ಅಷ್ಟು ಮಾತಾಡಿದ್ದೇ ಇಲ್ಲ. ರೆಹೆಮಾ ಹಣ್ಣು ನೋಡಲಿಲ್ಲ. ಮಗಳ ಬಾಯಿಯನ್ನೇ ನೋಡುತ್ತಿದ್ದಳು.

ಊಟವಾಯಿತು. ಪೆಟ್ಟಿಗೆಗಳು ಬಾಗಿಲಿಗೆ ಬಂದವು. ನೀಮಾ ಹೊಸ ಚಪ್ಪಲಿ ಹಾಕಿಕೊಂಡು ಮಂಚದ ಅಂಚಿಗೆ ಕುಳಿತಿದ್ದಳು. ಹೇಳಲಿಲ್ಲ, ಹೇಳುವುದಿಲ್ಲ ಎಂದು ನನಗೆ ತಿಳಿಯಿತು. ಒಂದು ಮಾತು ನಾನು ಆಡಬಹುದಿತ್ತು. ಆದರೆ ಹೆತ್ತವಳ ಎದುರು ಮೂರು ವರ್ಷದ ಆಯಿ ಯಾವ ಲೆಕ್ಕ? ಅಲ್ಲಿ ಕೂಡ್ರಲಾರದೆ ಎದ್ದು ಕೆಳಗೆ ಬಂದೆ.

ಕೆಳಗೆ ಕಿರಾಣಿ ಅಂಗಡಿ ಇತ್ತು. ಅಕ್ಕಿಯ ಚೀಲ ಕಂಡ ಕೂಡಲೆ ನನಗೆ ಚಾಳು ಬಿಟ್ಟ ದಿನ ನೆನಪಾಯಿತು. ಮಿಲ್ಲಿನಲ್ಲಿ ಕೆಲಸ ನಿಲ್ಲಿಸಿ ಸಂಪು ಹೂಡಿ ತಿಂಗಳುಗಟ್ಟಲೆ ಪಗಾರವಿಲ್ಲದ ಹೊತ್ತು. ಯಾರ ಮನೆಯಲ್ಲೂ ಡಬ್ಬಿಯ ತಳ ಮುಚ್ಚುವಷ್ಟು ಅಕ್ಕಿ ಇರಲಿಲ್ಲ. ನಾವು ಊರಿಗೆ ಹೊರಟೆವು. ಆಗ ಪಡಸಾಲೆಯ ಹೆಂಗಸರೆಲ್ಲ ನನ್ನನ್ನು ನಳದ ಹತ್ತಿರ ಕೂಡ್ರಿಸಿದರು. ರತ್ನಾಗಿರಿಯವಳು ಒಂದು ಹಿಡಿ, ತೆಲುಗಿನವಳು ಒಂದು ಹಿಡಿ, ಪಕ್ಕದ ಖೋಲಿಯ ದಸ್ತಗೀರಬಿ ಒಂದು ಹಿಡಿ, ಎಲ್ಲರ ಅಕ್ಕಿ ಬೇರೆ ಬೇರೆ ಬಣ್ಣದ್ದು, ಹೀಗೆ ನನ್ನ ಉಡಿ ತುಂಬಿ ಕಳಿಸಿದರು. ಬಾಗಲಕೋಟೆಗೆ ಬಂದು ಅದನ್ನು ಹುಗ್ಗಿ ಮಾಡಿದರೆ ಕೆಲವು ಕಾಳು ಬೆಂದವು, ಕೆಲವು ಬೇಯಲಿಲ್ಲ.

ಈ ಊರಿನಿಂದ ಒಬ್ಬ ಹೆಣ್ಣುಮಗಳು ಖಾಲಿ ಉಡಿಯಲ್ಲಿ ಹೇಗೆ ಹೋಗಬೇಕು? ಅಕ್ಕಿ ಕೊಂಡೆ. ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಅಡಿಕೆ ಕೊಂಡೆ. ಮೇಲೆ ಹೋಗಿ ರೆಹೆಮಾಳನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಕಾಂಗಾದ ಒಂದು ತುದಿ ಹಿಡಿಯಲು ಸನ್ನೆ ಮಾಡಿದೆ. ಅವಳು ಆಟವೆಂದುಕೊಂಡು ಹಿಡಿದಳು.

"ಆಯಿ, ವಿಮಾನದಾಗ ಅಕ್ಕಿ ಬಿಡ್ತಾರೋ ಇಲ್ಲೋ" ಎಂದಳು ನೀಮಾ.

"ಬಿಡದಿದ್ರ ಅಲ್ಲೇ ಗುಬ್ಬಿಗೆ ಹಾಕಲಿ. ಹೊಸ್ತಲಾ ದಾಟೂ ಮುಂದ ಉಡಿ ತುಂಬಿರಬೇಕು."

ಹಿಡಿ ಹಿಡಿ ಅಕ್ಕಿ ಹಾಕಿ ಗಂಟು ಕಟ್ಟಿದೆ. ರೆಹೆಮಾ ಗಂಟಿನ ಮೇಲೆ ಕೈ ಇಟ್ಟು ಏನೋ ಕೇಳಿದಳು.

"ಇದನ್ನ ಯಾರಿಗೆ ಮಾಡ್ತಾರಂತ ಕೇಳಾಕತ್ತಾಳ್ರಿ."

"ಮನಿ ಬಿಟ್ಟ ದೂರ ಹೊಂಟ ಹೆಣ್ಣಮಗಳಿಗೆ ಮಾಡ್ತಾರ ಅನ್ನು. ನಾ ಮುಂಬೈಗೆ ಹೊಂಟಾಗ ನಮ್ಮವ್ವ ಮಾಡಿದ್ಲು."

"ಯಾಕಂತ?"

"ತುಂಬಿದ ಉಡೀಲೆ ಹೋಗು, ಮತ್ತ ಬಾ ಅಂತ."

ನೀಮಾ ಹೇಳಿದಳು. ಹೇಳುವಾಗ ಅವಳ ದನಿ ನಡುಗಿತು. ರೆಹೆಮಾ ಮಗಳ ಕಡೆ ತಿರುಗಿದಳು. ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು. ಅದನ್ನು ನೀಮಾ ನನಗೆ ಹೇಳಲಿಲ್ಲ. ತಲೆ ತಗ್ಗಿಸಿ ಅಳತೊಡಗಿದಳು.

ಆಗ ರೆಹೆಮಾ ಎದ್ದಳು. ನಾನು ಕಟ್ಟಿದ ಗಂಟು ಬಿಚ್ಚಿದಳು. ಮಗಳ ಓಢಣಿಯನ್ನು ಹರವಿ, ಅಕ್ಕಿ, ಕೊಬ್ಬರಿ ಎಲ್ಲವನ್ನೂ ಅದಕ್ಕೆ ಸುರಿದು, ನಾನು ಮಾಡಿದ ಹಾಗೆಯೇ ಗಂಟು ಕಟ್ಟಿದಳು. ಬಾಯಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದಳು.

"ಏನಂತಾಳವ್ವಾ?" ಎಂದು ಕೇಳಿದೆ.

"'ನಾನು ನನ್ನ ಮನಿಗೇ ಹೊಂಟೇನಿ. ಮನಿ ಬಿಟ್ಟ ದೂರ ಹೋಗಾಕಿ ನನ್ನ ಮಗಳು' ಅಂತಾಳ್ರಿ. 'ಓದು ಮುಗಿಸಿ ಬಾ' ಅಂತಾಳ್ರಿ."

ಮಂಚದ ಮೇಲಿನ ಅಣ್ಣ ಗೊಣಗಿದ. ರೆಹೆಮಾ ತಿರುಗಿಯೂ ನೋಡದೆ ಒಂದು ಮಾತು ಎಸೆದಳು. ಅಳುತ್ತಿದ್ದ ನೀಮಾ ನಕ್ಕುಬಿಟ್ಟಳು. "ಮಾಮಾ ಟಿಕೆಟ್ ಹಾಳಾತು ಅಂದಾರಿ. ಅವ್ವ, 'ಆ ಸೀಟಿನ ಮ್ಯಾಲೆ ನಿನ್ನ ಕಾಲ ಚಾಚ್ಕೋ' ಅಂದ್ಲು."

ನಾನು ನೀಮಾಳ ಗಂಟಿನಿಂದ ಒಂದು ಹಿಡಿ ಅಕ್ಕಿ ತೆಗೆದು ತಿರುಗಿ ರೆಹೆಮಾಳ ಬಟ್ಟೆಗೆ ಹಾಕಿದೆ. ಅವಳು ಖಾಲಿ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಒರಟಾಗಿತ್ತು, ದುಡಿದ ಕೈ.

ಕಾರು ಹೋದ ಮೇಲೂ ನೀಮಾ ಗಲ್ಲಿಯ ತುದಿಯಲ್ಲಿ ನಿಂತೇ ಇದ್ದಳು. ಯುನೂಸ ಗಾಡಿ ಬಿಟ್ಟು ಬಂದು ಒಂದು ದಾಳಿಂಬೆ ಅವಳ ಕೈಗಿಟ್ಟು, "ಅಳಬ್ಯಾಡವ್ವಾ, ಚುಕ್ಕಿ ಇಲ್ಲದ್ದನ್ನ ಕೊಟ್ಟೇನಿ" ಎಂದ.

ತಿರುಗಿ ಬರುವ ಗಾಡಿಯಲ್ಲಿ ನೀಮಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನನ್ನ ಮನೆಯ ಖೋಲಿ ಖಾಲಿಯಾಗಲಿಲ್ಲ. ಆದರೆ ವಿಮಾನದಲ್ಲಿ ಮಗಳಿಲ್ಲದೆ ಕುಳಿತಿರುವ ಆ ಹೆಂಗಸನ್ನು ನೆನೆದರೆ ಸಂತೋಷಪಡಲೂ ನನಗೆ ಅಂಜಿಕೆಯಾಯಿತು. ಹೆತ್ತವಳು ಕೊಟ್ಟು ಹೋದದ್ದು ಅದು, ನಾನು ಕಸಿದುಕೊಂಡದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ವಿಜಯಪುರ ದಾಟಿದ ಮೇಲೆ ಅವಳು ಎದ್ದು ಕುಳಿತಳು. ಕಣ್ಣು ಉಬ್ಬಿದ್ದವು. ಚಹಾ ಕುಡಿದು ಕಿಟಕಿಯ ಹೊರಗೆ ಕರಿಯ ಹೊಲ ನೋಡುತ್ತ ಕುಳಿತಳು. ಆಮೇಲೆ ಅಂದಳು:

"ಆಯಿ, ಇನ್ನಮ್ಯಾಲೆ ಬೆಳಿಗ್ಗೆ ನನ್ನ ಲಗೂನ ಎಬ್ಬಸ್ರಿ. ಎರಡು ವಿಷಯ ಉಳದಾವು."

"ಎಬ್ಬಿಸಿದ್ರ ಬೈತಿ."

"ಬೈತೇನಿ. ಆದ್ರೂ ಎಬ್ಬಸ್ರಿ."