ನೋಡೋಣ ಅಂದಿದ್ದಕ್ಕೆ

ನಾನು ‘ನೋಡೋಣ’ ಅಂದಿದ್ದೆ, ಅಷ್ಟೆ.

ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ ಹತ್ತಿರದ ಕಾಫಿ ಅಂಗಡಿಯಲ್ಲಿ, ಫೆಬ್ರವರಿಯ ಒಂದು ಶನಿವಾರ, ಕ್ರಿಷ್ ನನ್ನನ್ನು ಕೇಳಿದ್ದ. ಅವನ ಅಪ್ಪ ಅಮ್ಮ ಏಪ್ರಿಲ್‌ನಲ್ಲಿ ಬೊಲಿವಿಯಾಕ್ಕೆ ಹೊರಟಿದ್ದರು. ಉಪ್ಪಿನ ಬಯಲು, ಬಣ್ಣಬಣ್ಣದ ಸರೋವರಗಳು, ಮೂರು ದಿನ ಜೀಪಿನಲ್ಲಿ. ನೀನೂ ಬಾ, ಹೇಗೂ ಎಲ್ಲರೂ ನಮ್ಮಿಬ್ಬರ ವಿಷಯ ಮಾತಾಡುತ್ತಿದ್ದಾರಲ್ಲ ಎಂದ. ಆಗ ನಾವು ಭೇಟಿಯಾಗಿದ್ದದ್ದು ನಾಲ್ಕು ಸಲ ಮಾತ್ರ. ಜಾತಕ ಕೂಡಿತ್ತು, ಧಾರವಾಡದಲ್ಲಿದ್ದ ನನ್ನ ಅಪ್ಪ ಅಮ್ಮ ಫೋಟೊ ನೋಡಿ ಸುಮ್ಮನಿದ್ದರು, ಅಂದರೆ ಅವರಿಗೆ ಒಪ್ಪಿಗೆ.

ನಮ್ಮ ಮನೆಯಲ್ಲಿ ‘ನೋಡೋಣ’ ಅಂದರೆ ಇಲ್ಲ ಎಂದರ್ಥ. ಚಂದಾ ಕೇಳಲು ಬಂದವರಿಗೆ, ನನ್ನ ಅಕ್ಕನನ್ನು ಕೇಳಲು ಬಂದವರಿಗೆ, ಅಪ್ಪ ‘ನೋಡೂಣು’ ಎನ್ನುತ್ತಿದ್ದರು. ಬಂದವರು ಚಹಾ ಮುಗಿಸಿ ಎದ್ದು ಹೋಗುತ್ತಿದ್ದರು. ಯಾರಿಗೂ ಅವಮಾನವಾಗುತ್ತಿರಲಿಲ್ಲ.

ಕ್ರಿಷ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ, ಬಾಸ್ಕಿಂಗ್ ರಿಡ್ಜ್‌ನಲ್ಲಿ. ಅವನ ಕನ್ನಡ ಅರ್ಧ ಅಮ್ಮನದು, ಅರ್ಧ ಭಾನುವಾರದ ಕನ್ನಡ ಶಾಲೆಯದು. ನೋಡು, ನೋಡುತ್ತೇನೆ, ನೋಡೋಣ ಎಂದು ಅಲ್ಲಿ ಬಾಯಿಪಾಠ ಮಾಡಿದ್ದ. ಅವನು ಅದೇ ಸಂಜೆ ನನ್ನ ಟಿಕೆಟ್ ಬುಕ್ ಮಾಡಿ ಕಳಿಸಿದ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನೋಡೋಣ!’ ಎಂದು ಬರೆದಿದ್ದ.

ಆಗಲೇ ಹೇಳಬೇಕಿತ್ತು. ಮೆಸೇಜಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಪ್ರಿನ್ಸ್‌ಟನ್‌ನ ಕಂಪನಿಯಲ್ಲಿ ನನ್ನ ಕೆಲಸ ಔಷಧಿ ಪ್ರಯೋಗಗಳ ಅಂಕಿಗಳನ್ನು ನೋಡುವುದು. ಉತ್ತರ ಬಾರದ ಕಡೆ ಅಲ್ಲಿ ಖಾಲಿ ಬಿಡುತ್ತೇವೆ, ಸೊನ್ನೆ ಹಾಕುವುದಿಲ್ಲ. ನಾನೂ ಖಾಲಿ ಬಿಟ್ಟೆ. ಸುಮ್ಮನಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂಬುದು ನಾನು ಚಿಕ್ಕಂದಿನಿಂದ ನಂಬಿಕೊಂಡು ಬಂದ ಸುಳ್ಳು.

ಏಪ್ರಿಲ್‌ನಲ್ಲಿ ನಾವು ಐದು ಜನ ಒಂದು ಜೀಪಿನಲ್ಲಿದ್ದೆವು. ಮುಂದೆ ಚಾಲಕ ಎವಾರಿಸ್ಟೊ, ಅವನ ಪಕ್ಕ ಕ್ರಿಷ್‌ನ ಅಪ್ಪ ದಿವಾಕರ ಅಂಕಲ್. ಹಿಂದೆ ನಾನು, ಕ್ರಿಷ್, ನಮ್ಮಿಬ್ಬರ ನಡುವೆ ಅವನ ಅಮ್ಮ ಭಾನುಮತಿ ಆಂಟಿ. ಅವರ ತೊಡೆಯ ಮೇಲೆ ಖಾರದ ಅವಲಕ್ಕಿ, ಚಕ್ಕುಲಿ ತುಂಬಿದ ಚೀಲ.

ಉಪ್ಪಿನ ಬಯಲಿಗೆ ಇಳಿದಾಗ ಅಂಕಲ್ ಬೂಟಿನಿಂದ ನೆಲ ಕೆದಕಿದರು.

“ಭಾನು, ನೋಡೇ, ಇಷ್ಟು ಹಾಕಿದ್ರೆ ನಿನ್ನ ಸಾರಿಗೆ ಸರಿಹೋಗಬಹುದೇನೋ.”

“ಮೂವತ್ತೆರಡು ವರ್ಷದಿಂದ ಅದನ್ನೇ ತಟ್ಟೆ ನೆಕ್ಕಿ ತಿಂದಿದೀರಲ್ಲ ರೀ. ಹಂಸಿನಿ, ಈ ಗಂಡಸರ ಮಾತು ನಂಬಬೇಡಮ್ಮ.”

ಎವಾರಿಸ್ಟೊ ಫೋನ್ ಹಿಡಿದು ಹೊಟ್ಟೆಯ ಮೇಲೆ ಮಲಗಿದ. ಇಲ್ಲಿ ಎಲ್ಲ ಪ್ರವಾಸಿಗರೂ ತೆಗೆಸಿಕೊಳ್ಳುವ ಚಿತ್ರ ಅದು: ಒಬ್ಬರು ಹತ್ತಿರ ನಿಂತು ಅಂಗೈ ಚಾಚಬೇಕು, ಇನ್ನೊಬ್ಬರು ದೂರ ಹೋಗಿ ನಿಲ್ಲಬೇಕು. ಚಿತ್ರದಲ್ಲಿ ದೂರದವರು ಗೊಂಬೆಯಷ್ಟಾಗಿ ಅಂಗೈ ಮೇಲೆ ನಿಂತಂತೆ ಕಾಣುತ್ತಾರೆ. ಕ್ರಿಷ್ ಅಂಗೈ ಚಾಚಿದ.

“ಹಿಂದಕ್ಕೆ ಹೋಗಮ್ಮ, ಇನ್ನೂ ಹಿಂದಕ್ಕೆ!” ಆಂಟಿ ಕೂಗುತ್ತಿದ್ದರು.

ನಾನು ಹಿಂದಕ್ಕೆ ನಡೆದೆ. ಅವರ ದನಿ ಸಣ್ಣದಾಯಿತು, ಆಮೇಲೆ ಇಲ್ಲವಾಯಿತು. ಕಿವಿಯಲ್ಲಿ ನನ್ನದೇ ರಕ್ತ ಹರಿಯುವ ಸದ್ದು ಮಾತ್ರ. ಅಷ್ಟು ಪೂರ್ತಿಯಾದ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ದೂರದಲ್ಲಿ ಕ್ರಿಷ್ ಬರಿದಾದ ಅಂಗೈ ಹಿಡಿದು ನಗುತ್ತ ನಿಂತಿದ್ದ. ಅಲ್ಲಿಗೆ ಮರಳುವುದು ನನಗೆ ಬೇಕಿಲ್ಲ ಎಂದು ಆಗ ಸ್ಪಷ್ಟವಾಗಿ ತಿಳಿಯಿತು. ಅವನಲ್ಲಿ ಯಾವ ತಪ್ಪನ್ನೂ ನಾನು ಕಂಡಿರಲಿಲ್ಲ. ಕಾರಣ ಹುಡುಕಿದರೂ ಸಿಗಲಿಲ್ಲ.

ಸುತ್ತ ನೋಡಿದೆ. ನಾಲ್ಕೂ ದಿಕ್ಕಿಗೆ ಬಿಳಿ. ಎಷ್ಟು ಬಯಲೆಂದರೆ, ಹೋಗುವುದಕ್ಕೆ ಎಲ್ಲೂ ಇರಲಿಲ್ಲ. ಆ ಜೀಪೊಂದೇ ಇತ್ತು. ಮರಳಿ ನಡೆದೆ.

ಸಂಜೆ ಉಪ್ಪಿನ ಇಟ್ಟಿಗೆಯ ಹೋಟೆಲಿನಲ್ಲಿ ಅರ್ಧ ಗಂಟೆ ವೈಫೈ ಸಿಕ್ಕಿತು. ನನ್ನ ಫೋನು ಕಂಪಿಸಿತು. ಯಾವುದೋ ಹೊಸ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ್ದರು. ಹೆಸರು ‘ಧಾರವಾಡ ಬಾಸ್ಕಿಂಗ್ ರಿಡ್ಜ್’. ಅದರಲ್ಲಿ ಆ ಚಿತ್ರ, ಕೆಳಗೆ ಆಂಟಿ ಬರೆದಿದ್ದರು: ‘ಮಗನ ಅಂಗೈಲಿ ಸೊಸೆ.’

ಆ ಪದವನ್ನು ಮೂರು ಸಲ ಓದಿದೆ. ಅಷ್ಟರಲ್ಲಿ ಅಮ್ಮನ ಧ್ವನಿಸಂದೇಶ ಬಂತು. “ಕಣ್ಣಾಗ ನೀರ ಬಂತು ನೋಡವ್ವಾ. ನೀ ಒಪ್ಪಿದ್ದು ಭಾಳ ಛಲೋ ಆತು. ನಮಗ ಮೊದಲ ಯಾಕ ಹೇಳಲಿಲ್ಲ?”

“ಕೇಳಿದ್ಯಾ ನಿಮ್ಮಮ್ಮನ ಖುಷಿ?” ಎಂದರು ಆಂಟಿ. “ಶನಿವಾರ ವಾಪಸ್ ಹೋಗ್ತೀವಿ. ಭಾನುವಾರ ನಮ್ಮನೇಲೇ ಸಣ್ಣದಾಗಿ ಎಲೆಅಡಿಕೆ ಬದಲಾಯಿಸ್ಕೊಂಡುಬಿಡೋಣ. ಅವರು ವಿಡಿಯೊದಲ್ಲಿ ಬರ್ತಾರೆ. ನಲವತ್ತೇ ಜನ.”

“ಇವಳ ಲೆಕ್ಕದಲ್ಲಿ ನಲವತ್ತು ಅಂದ್ರೆ ನೂರಿಪ್ಪತ್ತು,” ಎಂದರು ಅಂಕಲ್.

ಎಲೆಅಡಿಕೆ ಕೈ ಬದಲಾದರೆ ಮಾತು ಮುಗಿದಂತೆ. ಭಾನುವಾರದೊಳಗೆ ನಾನು ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ. ಸೂಪ್ ಬಂತು.

ಮರುದಿನ ದಾರಿ ಏರುತ್ತ ಹೋಯಿತು. ಒಂದು ಸರೋವರ ಹಾಲುಹಸಿರು, ಇನ್ನೊಂದರ ದಡದಲ್ಲಿ ಹಳದಿ ನೊರೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಸರೋವರ, ಇಟ್ಟಿಗೆಪುಡಿ ಕದಡಿದ ನೀರಿನಂತೆ. ಅದರಲ್ಲಿ ರಾಜಹಂಸಗಳು ತಲೆ ಮುಳುಗಿಸಿ ಮೇಯುತ್ತಿದ್ದವು. ಅಲ್ಲಿಗೆ ಬರುವ ದಾರಿಯಲ್ಲಿ ಆಂಟಿಗೆ ಎತ್ತರ ಒಗ್ಗಲಿಲ್ಲ. ಎರಡು ಸಲ ವಾಂತಿ ಮಾಡಿಕೊಂಡರು. ಎವಾರಿಸ್ಟೊ ಕೊಟ್ಟ ಕೋಕಾ ಎಲೆಯ ಕಷಾಯವನ್ನು ನಾನು ಗುಟುಕು ಗುಟುಕಾಗಿ ಕುಡಿಸಿದೆ. ಅವರು ನನ್ನ ಭುಜದ ಮೇಲೆ ತಲೆಯಿಟ್ಟರು.

“ನನಗೆ ಹೆಣ್ಣುಮಕ್ಕಳಿಲ್ಲ ಕಣೇ,” ಎಂದರು ಕಣ್ಣು ಮುಚ್ಚಿಕೊಂಡೇ.

ಮುಂದಿನ ಎರಡು ಗಂಟೆ ನಾನು ಭುಜ ಅಲುಗಿಸಲಿಲ್ಲ. ಅವರು ಒಳ್ಳೆಯವರಲ್ಲದಿದ್ದರೆ ಎಷ್ಟು ಸುಲಭವಿತ್ತು ಎಂದು ಯೋಚಿಸಿದೆ, ಹಾಗೆ ಯೋಚಿಸಿದ್ದಕ್ಕೆ ನಾಚಿದೆ.

ಕೆಂಪು ಸರೋವರದ ಬಳಿ ಇಳಿದಾಗ ಕ್ರಿಷ್ ಪಕ್ಕಕ್ಕೆ ಬಂದು ನಿಂತ.

“ಥ್ಯಾಂಕ್ಸ್ ಫಾರ್ ಅಮ್ಮ,” ಎಂದ. “ಯೂ ಡೋಂಟ್ ಹ್ಯಾವ್ ಟು ಡು ಆಲ್ ದಟ್.”

“ಕ್ರಿಷ್, ಅವತ್ತು ಕಾಫಿ ಶಾಪಲ್ಲಿ ನಾನು ನೋಡೋಣ ಅಂದೆನಲ್ಲ...”

“ಐ ಲವ್ ದಟ್ ವರ್ಡ್!” ಅವನ ಮುಖ ಅರಳಿತು. “ಸರ್‌ಪ್ರೈಸ್ ಹಾಳಾಗುತ್ತೆ, ಬಟ್ ಹೇಳಿಬಿಡ್ತೀನಿ. ಮಗ್ಸ್ ಮಾಡಿಸಿದೀನಿ. ಕನ್ನಡದಲ್ಲಿ, ನೋಡೋಣ ಅಂತ. ಸಂಡೇ ಬಂದವರಿಗೆಲ್ಲ ರಿಟರ್ನ್ ಗಿಫ್ಟ್.”

“ಎಷ್ಟು?” ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ಹಂಡ್ರೆಡ್ ಅಂಡ್ ಟ್ವೆಂಟಿ.”

ಮೂರನೆಯ ಬೆಳಿಗ್ಗೆ, ನೆಲದಿಂದ ಹೊಗೆಯುಗುಳುವ ಕುಳಿಗಳನ್ನು ದಾಟಿ, ಬಿಸಿನೀರಿನ ಬುಗ್ಗೆಗೆ ಬಂದೆವು. ಅಂಕಲ್ ಮತ್ತು ಕ್ರಿಷ್ ಕೊಳಕ್ಕೆ ಇಳಿದರು. ಆಂಟಿ ಚೇತರಿಸಿಕೊಂಡಿದ್ದರು. ನಾವಿಬ್ಬರೂ ಅಂಚಿನ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟೆವು.

ಅವರು ತಮ್ಮ ಎಡಗೈಯ ಚಿನ್ನದ ಬಳೆ ಬಿಚ್ಚಿದರು. ಹೋಟೆಲಿನ ಸೋಪಿನ ಚೂರನ್ನು ನನ್ನ ಕೈಗೆ ಹಚ್ಚಿ ಬಿಸಿನೀರಲ್ಲಿ ನೆನೆಸಿದರು. ಏನು ಆಗುತ್ತಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ಹೆಬ್ಬೆರಳು ಮಡಚಿ, ಬಳೆಯನ್ನು ಒತ್ತಿ ಒಳಗೆ ತಳ್ಳಿದ್ದರು.

“ನಮ್ಮಮ್ಮಂದು. ಭಾನುವಾರದ ಗಲಾಟೇಲಿ ಬೇಡ, ಇಲ್ಲೇ ಹಾಕಿಬಿಡೋಣ ಅನ್ನಿಸ್ತು.”

“ನಾ ಒಲ್ಲೆ, ಆಂಟಿ.”

ಎಂಟು ವರ್ಷ ನ್ಯೂಜೆರ್ಸಿಯಲ್ಲಿ ಎಲ್ಲರಂತೆ ಬೆಂಗಳೂರಿನ ಕನ್ನಡ ಆಡುತ್ತಿದ್ದೆ. ಧಾರವಾಡದ ಆ ಪದ ಎಲ್ಲಿಂದ ಬಂತೋ.

“ಬಿಗಿ ಆಯ್ತಾ?”

“ಬಳಿ ಅಲ್ರೀ. ಮದುವಿ. ಈ ಮದುವಿ ನಾ ಒಲ್ಲೆ.”

ಅವರು ನನ್ನ ಕೈ ಬಿಡಲಿಲ್ಲ. “ಕ್ರಿಷ್ ಏನಾದ್ರೂ ಅಂದ್ನಾ?”

“ಇಲ್ಲ. ಅವನು ಏನೂ ತಪ್ಪು ಮಾಡಿಲ್ಲ. ಅವತ್ತು ಟ್ರಿಪ್‌ಗೆ ಕರೆದಾಗ ನಾನು ನೋಡೋಣ ಅಂದಿದ್ದೆ.”

“ನೋಡೋಣ ಅಂದ್ಯಾ?”

“ಹೌದು.”

“ಅಷ್ಟೇನಾ? ಇನ್ನೇನೂ ಅನ್ನಲಿಲ್ವಾ?”

“ಅಷ್ಟೆ.”

ಆಂಟಿ ಮೈಸೂರಿನವರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. “ಒಪ್ಪಿದಾಳೆ ಅಂತ ಕುಣಿದುಕೊಂಡು ಬಂದ,” ಎಂದರು ಮೆಲ್ಲಗೆ. “ನಮ್ಮಪ್ಪ ಮೂರು ಗಂಡುಗಳನ್ನ ಹಾಗೇ ಅಂದು ಸಾಗಹಾಕಿದ್ರು.” ಆಮೇಲೆ ದನಿ ಬದಲಾಯಿತು. “ಅವನಿಗೆ ಗೊತ್ತಾಗಲಿಲ್ಲ, ಸರಿ. ನಿನಗೆ ಗೊತ್ತಿತ್ತಲ್ಲ? ಎರಡು ತಿಂಗಳು ಬಾಯಿಗೆ ಏನು ಬಡಿದಿತ್ತು ನಿನಗೆ?”

ಬಳೆ ಹಿಂದಕ್ಕೆಳೆದೆ. ಎತ್ತರಕ್ಕೆ ಬೆರಳುಗಳು ಊದಿಕೊಂಡಿದ್ದವು. ಹೆಬ್ಬೆರಳಿನ ಬುಡದಲ್ಲಿ ಅದು ನಿಂತುಬಿಟ್ಟಿತು. ಸೋಪು ಕರಗಿಹೋಗಿತ್ತು. ಎವಾರಿಸ್ಟೊ ಹಾರ್ನ್ ಹೊಡೆದ.

“ಅವನಿಗೆ ನೀನೇ ಹೇಳು,” ಎಂದರು ಆಂಟಿ ಏಳುತ್ತ. “ನನ್ನ ಬಾಯಲ್ಲಿ ಹೇಳಿಸಬೇಡ.”

ಜೀಪು ಒಂದೇ. ಪ್ರವಾಸ ಶುರುವಾಗಿದ್ದ ಉಯೂನಿ ಪೇಟೆಗೆ ಮರಳಲು ಏಳು ಗಂಟೆಯ ದಾರಿ. ಮತ್ತೆ ಅದೇ ಸೀಟುಗಳಲ್ಲಿ ಕೂತೆವು.

ಕ್ರಿಷ್ ಒದ್ದೆ ತಲೆ ಒರೆಸಿಕೊಳ್ಳುತ್ತ ನನ್ನ ಕೈ ನೋಡಿದ. “ಅಮ್ಮಾ! ಅಜ್ಜಿ ಬಳೆ! ಯೂ ಗೇವ್ ಇಟ್ ಆಲ್ರೆಡಿ?”

ಆಂಟಿ ನೇರ ಮುಂದೆ ನೋಡುತ್ತಿದ್ದರು.

“ಕ್ರಿಷ್,” ಎಂದೆ. “ನಮ್ಮ ಕಡೆ ನೋಡೋಣ ಅಂದ್ರೆ ಇಲ್ಲ ಅಂತ.”

“ನೋ, ಇಟ್ ಮೀನ್ಸ್ ಲೆಟ್ಸ್ ಸೀ.”

“ಹಾಗೂ ಅರ್ಥ ಇದೆ. ನಾನು ಹೇಳಿದ್ದು ಇಲ್ಲ ಅಂತ. ಮದುವೆಗೂ ಇಲ್ಲ. ಫೆಬ್ರವರಿಲೇ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು.”

ಅವನು ಅಮ್ಮನ ಮುಖ ನೋಡಿದ, ಕನ್ನಡ ಶಾಲೆಯಲ್ಲಿ ಉತ್ತರ ಸರಿಯೇ ಎಂದು ಕೇಳುವಂತೆ. ಅವರು ಹೌದೆಂದು ತಲೆಯಾಡಿಸಿದರು. ಅವನು ಟವೆಲನ್ನು ನಾಲ್ಕು ಮಡಿಕೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆಮೇಲೆ ಕಿಟಕಿಯತ್ತ ತಿರುಗಿದ. ಕತ್ತಿನ ಹಿಂಭಾಗ ಕೆಂಪಾಗಿತ್ತು.

“ಏನಾಯ್ತು ಹಿಂದೆ?” ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸಿರದ ಅಂಕಲ್ ತಿರುಗಿದರು. “ಎಲ್ಲ ನಿದ್ದೆನಾ? ಚಕ್ಕುಲಿ ಕೊಡ್ರಪ್ಪ.”

ಯಾರೂ ಕೊಡಲಿಲ್ಲ. ಅವರು ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿ, ಏನನ್ನೂ ಕೇಳದೆ ಮುಂದಕ್ಕೆ ತಿರುಗಿದರು.

ಮೌನ ನನಗೆ ಇಷ್ಟ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇದು ಆ ಮೌನವಲ್ಲ. ಇದರಲ್ಲಿ ಉಳಿದ ನಾಲ್ಕು ಜನರ ಉಸಿರಿತ್ತು, ಅವಲಕ್ಕಿಯ ಇಂಗಿನ ವಾಸನೆಯಿತ್ತು, ಕಿಟಕಿ ಇಳಿಸಿದರೆ ಧೂಳು ನುಗ್ಗುತ್ತಿತ್ತು. ನಾನು ಬಳೆಯ ಕೈಯನ್ನು ಜಾಕೆಟ್ಟಿನ ತೋಳಿನೊಳಗೆ ಎಳೆದುಕೊಂಡೆ. ತೊಡೆಗಳ ನಡುವೆ ಒತ್ತಿ, ಯಾರಿಗೂ ಕಾಣದಂತೆ ಎಳೆಯುತ್ತಿದ್ದೆ. ಮೂಳೆ ಉರಿಯಿತು. ಅದು ಜಗ್ಗಲಿಲ್ಲ.

ಮೂರು ಗಂಟೆ ಹಾಗೇ ಕಳೆಯಿತು.

ಆಮೇಲೆ ಆಂಟಿ ಚೀಲದೊಳಗಿಂದ ಅವಲಕ್ಕಿಯ ಪ್ಲಾಸ್ಟಿಕ್ ಕವರು ತೆಗೆದು, ಉಳಿದ ಅವಲಕ್ಕಿಯನ್ನು ಡಬ್ಬಿಗೆ ಸುರಿದು, ಕವರನ್ನು ಕೊಡವಿದರು. “ಕೈ ಕೊಡು,” ಎಂದರು. ಕೊಟ್ಟೆ. ಕವರನ್ನು ಬಳೆಯ ಕೆಳಗೆ ತೂರಿಸಿ, ಬೆರಳುಗಳ ಮೇಲೆ ಗವಸಿನಂತೆ ಎಳೆದರು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಹಿಡಿದರು. “ಸಡಿಲ ಬಿಡು. ಬಿಗಿ ಮಾಡಿದಷ್ಟೂ ನೋಯುತ್ತೆ.” ಜೀಪು ಕುಲುಕಿದಾಗಲೆಲ್ಲ ನಿಲ್ಲಿಸಿ, ಮತ್ತೆ ಒಂದೊಂದೇ ಕೂದಲೆಳೆಯಷ್ಟು ಜಾರಿಸಿದರು. ಕ್ರಿಷ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬಳೆ ಗೆಣ್ಣು ದಾಟಿ ಅವರ ಕೈಗೆ ಬಂತು.

ಅದನ್ನು ಅವರು ಶಾಲಿನಿಂದ ಒರೆಸಿ ತಮ್ಮ ಕೈಗೆ ಹಾಕಿಕೊಂಡರು. ಆಮೇಲೆ ಕೆಂಪಾಗಿದ್ದ ನನ್ನ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದರು, ಮಗುವಿಗೆ ಪೆಟ್ಟಾದಾಗ ಉಜ್ಜುವ ಹಾಗೆ. ಐದಾರು ಸಲ ಉಜ್ಜಿರಬೇಕು. ತಟ್ಟನೆ ನಿಲ್ಲಿಸಿದರು. ನನ್ನ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟು, ತಮ್ಮ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

ಇನ್ನೆಷ್ಟು ಗಂಟೆ ಎಂದು ಅಂಕಲ್ ಸನ್ನೆಯಲ್ಲಿ ಕೇಳಿದರು. ಎವಾರಿಸ್ಟೊ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು ನಾಲ್ಕು ಬೆರಳು ತೋರಿಸಿದ.